ಪರಿಗ್ರಹ ಪರಿಮಾಣವೂ ಗಣಕಯಂತ್ರದ ಮೇಜೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಸುಲಭವಾದ ವ್ರತವೆಂದು ಬಹುಜನರು ಭಾವಿಸುತ್ತಾರೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಿಗೆ ಒಂದು ಮಿತಿಯನ್ನು ಹಾಕಿಕೊಂಡು ಗುರುಗಳ ಅಥವಾ ಜಿನಬಿಂಬದ ಸನ್ನಿಧಿಯಲ್ಲಿ ಸಂಕಲ್ಪ ಮಾಡಿದರೆ ವ್ರತವು ಪೂರ್ಣವಾಯಿತೆಂದು ತಿಳಿಯುತ್ತಾರೆ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ವಸ್ತುವಿಗೆ ಮಿತಿಯನ್ನು ಹಾಕುವುದು ವ್ರತದ ಅರ್ಧಭಾಗ. ಮಿತಿಯಿಂದ ಆಚೆ ಉಳಿದುದರಲ್ಲಿ ನಿಃಸ್ಪೃಹನಾಗಿರುವುದು ಇನ್ನರ್ಧ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಇಟ್ಟಿರುವುದೂ ಈ ಕಾರಣದಿಂದಲೇ.

ಹಿರಿಯರ ಕಾಲದಲ್ಲಿ ಮಮತ್ವದ ವಿಷಯಗಳು ಎಣಿಕೆಗೆ ಸುಲಭವಾಗಿ ಸಿಗುತ್ತಿದ್ದವು. ಇಂದಿನ ಮನೆಗಳಲ್ಲಿ ತರುಣರ ಮೇಜಿನ ಮೇಲೆ ಇರುವ ವಸ್ತುಗಳಿಗೆ ಹಿರಿಯರಿಗೆ ಹೆಸರೇ ತಿಳಿಯದು. ಗಣಕಯಂತ್ರ, ಅದರ ಮದರ್‌ಬೋರ್ಡ್, ಪ್ರೊಸೆಸರ್, ರ್ಯಾಮ್, ತಂತಿಗಳು, ಪಂಖಗಳು, ಹಳೆಯ ಮೊಬೈಲುಗಳು. ಇವು ದಶವಿಧ ಬಾಹ್ಯ ಪರಿಗ್ರಹದಲ್ಲಿ ಯಾವ ವರ್ಗಕ್ಕೆ ಸೇರುತ್ತವೆ ಎಂದು ಕೇಳಿದರೆ, ವಸ್ತ್ರ, ಪಾತ್ರೆ ಮೊದಲಾದ ಗೃಹಸಾಮಗ್ರಿಯನ್ನು ಹೇಳುವ ಕುಪ್ಯ-ಭಾಂಡಗಳ ಜೊತೆಗೆ ಇವನ್ನು ಎಣಿಸುವುದು ಯುಕ್ತವಾಗಿದೆ. ವರ್ಗವನ್ನು ಹುಡುಕುವುದು ಕಷ್ಟವಲ್ಲ. ಮಿತಿಯನ್ನು ಯಾವ ಅಳತೆಯಿಂದ ಹಾಕಬೇಕು ಎಂಬುದೇ ಕಷ್ಟ.

ದೃಷ್ಟಾಂತಕ್ಕಾಗಿ ಕಾರವಾರ ತಾಲೂಕಿನ ಕಿನ್ನರದಲ್ಲಿ ನೆಲೆಸಿದ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಮಗನಿಗೆ ಕಾರವಾರದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಬಿಡಿಭಾಗಗಳನ್ನು ತರಿಸಿ ತಾನೇ ಗಣಕಯಂತ್ರವನ್ನು ಜೋಡಿಸುವುದರಲ್ಲಿ ಅವನಿಗೆ ಅಪಾರ ಪ್ರೀತಿ. ದುಂದುಗಾರನೆಂದು ಅವನನ್ನು ಯಾರೂ ಹೇಳುವಂತಿಲ್ಲ. ಸಿದ್ಧ ಯಂತ್ರವನ್ನು ಕೊಳ್ಳದೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಚೌಕಾಶಿ ಮಾಡಿ, ಬಳಸಿದ ಭಾಗಗಳನ್ನು ತರಿಸುತ್ತಾನೆ. ೨೦೧೮ರ ದಶಲಕ್ಷಣ ಪರ್ವದಲ್ಲಿ ಅವನು ತಂದೆಯ ಮಾತಿನಂತೆ ಒಂದು ನಿಯಮವನ್ನೂ ತೆಗೆದುಕೊಂಡ: ಈ ಆಸಕ್ತಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ರೂಪಾಯಿಗಳಿಗಿಂತ ಹೆಚ್ಚು ವೆಚ್ಚ ಮಾಡುವುದಿಲ್ಲ ಎಂದು. ಅದನ್ನು ಒಂದು ರೂಪಾಯಿಯೂ ಮೀರದಂತೆ ಪಾಲಿಸಿದ.

೨೦೧೯ರ ಆಗಸ್ಟ್ ತಿಂಗಳಲ್ಲಿ ಕದ್ರಾ ಜಲಾಶಯದಿಂದ ನೀರನ್ನು ಬಿಟ್ಟಾಗ ಕಾಳಿ ತೀರದ ಗ್ರಾಮಗಳಿಗೆ ನೆರೆ ಬಂದುದು ಆ ಭಾಗದ ಜನರಿಗೆ ಮರೆತಿಲ್ಲ. ಈ ಕಲ್ಪಿತ ಮನೆಯ ಅಂಗಳಕ್ಕೂ ನೀರು ಏರಿತೆನ್ನೋಣ. ಮಗನು ಓಡಿಹೋಗಿ ತನ್ನ ಪೆಟ್ಟಿಗೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದ. ಹನ್ನೊಂದನೆಯ ಪೆಟ್ಟಿಗೆಯನ್ನು ಏರಿಸಿ ಕೆಳಗೆ ಇಳಿಯುವಷ್ಟರಲ್ಲಿ ಅಜ್ಜಿಯ ಸ್ವಾಧ್ಯಾಯದ ಗ್ರಂಥಗಳಿದ್ದ ಮರದ ಸಂದೂಕಕ್ಕೆ ನೀರು ಹೊಕ್ಕಿತ್ತು. ಅಜ್ಜಿ ಮಾತನಾಡಲಿಲ್ಲ. ನೀರು ಇಳಿದ ಮೇಲೆ ತಾಯಿಯು ಆ ಪೆಟ್ಟಿಗೆಗಳನ್ನು ಬಿಚ್ಚಿ ಎಣಿಸಿದಳು, ಮೂವತ್ತೆಂಟು ವಸ್ತುಗಳಾದವು.

“ತಮ್ಮಾ, ಇವುಗಳಲ್ಲಿ ಈಗ ನಡೆಯುವಂಥವು ಎಷ್ಟು?”

“ಐದು, ಅಮ್ಮ. ಉಳಿದವು ಮುಂದೆ ಬೇಕಾದಾವು ಎಂದು ಇಟ್ಟದ್ದು. ಎಲ್ಲವೂ ಅಗ್ಗದಲ್ಲಿ ಸಿಕ್ಕಿದವು.”

ನಿಯಮವು ಅಕ್ಷರಶಃ ಉಳಿದಿತ್ತು. ವ್ರತವು ಉಳಿದಿತ್ತೇ ಎಂಬುದನ್ನು ವಿಚಾರಿಸಬೇಕಾಗಿದೆ.

ಇಲ್ಲಿ ಒಂದು ಶಂಕೆ ಏಳಬಹುದು: ಅವನು ಮಿತವ್ಯಯಿಯಾಗಿದ್ದನಲ್ಲವೇ? ಮಿತವ್ಯಯವೇ ಅಪರಿಗ್ರಹದ ಕಡೆಗೆ ಒಯ್ಯುವ ಮಾರ್ಗವಲ್ಲವೇ? ಸಮಾಧಾನವೇನೆಂದರೆ, ಮಿತವ್ಯಯವೂ ಪರಿಮಿತ ಪರಿಗ್ರಹವೂ ಒಂದೇ ಅಲ್ಲ. ಮಿತವ್ಯಯವು ಕೈಯಿಂದ ಹೋಗುವ ಹಣವನ್ನು ನೋಡುತ್ತದೆ. ವ್ರತವು ಮನೆಯೊಳಗೆ ಬಂದು ನಿಲ್ಲುವ ವಸ್ತುವನ್ನೂ ಅದರ ಹಿಂದಿನ ಇಚ್ಛೆಯನ್ನೂ ನೋಡುತ್ತದೆ. ನೂರು ರೂಪಾಯಿಯ ವಸ್ತು ನಲವತ್ತಕ್ಕೆ ಸಿಕ್ಕಿದಾಗ ಮಿತವ್ಯಯಿಯು ಅರವತ್ತನ್ನು ಉಳಿಸಿದೆನೆಂದು ಸಂತೋಷಪಡುತ್ತಾನೆ. ಆ ಅರವತ್ತರಲ್ಲಿ ಇನ್ನೊಂದನ್ನು ತಂದರೆ ಮಿತವ್ಯಯಕ್ಕೆ ಲೋಪವಿಲ್ಲ, ವ್ರತಕ್ಕೆ ಇದೆ. ಸಮಂತಭದ್ರರು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬಿವು. ಇವುಗಳಲ್ಲಿ ಅತಿಸಂಗ್ರಹಕ್ಕೆ ಅಗ್ಗದ ಬೆಲೆಯೇ ಹೆಬ್ಬಾಗಿಲು. ಪರರ ಸಂಪತ್ತನ್ನು ಕಂಡು ಬೆರಗಾಗುವ ವಿಸ್ಮಯವೂ ಈ ಆಸಕ್ತಿಯಲ್ಲಿ ಕಡಿಮೆಯದಲ್ಲ. ಪರರ ಯಂತ್ರದ ವೇಗವನ್ನು ಓದಿ ತಿಳಿದು ನಿದ್ದೆಗೆಡುವ ತರುಣರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ಅತಿಪ್ರಸಾಧನವೆಂದು ಒಂದುಂಟು: ಪ್ರಯೋಜನಕ್ಕಿಂತ ಅಧಿಕವಾದ ಸಾಮಗ್ರಿಯನ್ನು ಕೂಡಿಸುವುದು. ಗಣಕದ ಬಿಡಿಭಾಗಗಳ ಪೆಟ್ಟಿಗೆಗೆ ಇದಕ್ಕಿಂತ ಸರಿಯಾದ ಹೆಸರು ದೊರೆಯಲಾರದು.

ಹಣದ ಮಿತಿ ಏಕೆ ಸೋತಿತು ಎಂಬುದಕ್ಕೆ ಲೌಕಿಕ ಕಾರಣವೂ ಇದೆ. ಬಂಗಾರಕ್ಕೆ ರೂಪಾಯಿಯಲ್ಲಿ ಮಿತಿ ಹಾಕಿಕೊಂಡವನಿಗೆ ವರ್ಷಗಳು ಕಳೆದಂತೆ ಅದೇ ಹಣಕ್ಕೆ ಕಡಿಮೆ ತೂಕದ ಬಂಗಾರ ಬರುತ್ತದೆ; ಮಿತಿಯು ತಾನಾಗಿಯೇ ಬಿಗಿಯಾಗುತ್ತದೆ. ಗಣಕಸಾಮಗ್ರಿಯಲ್ಲಿ ಇದಕ್ಕೆ ವಿಪರೀತ. ಒಂದು ಚಿಪ್ಪಿನಲ್ಲಿ ಕೂಡಿಸಬಹುದಾದ ಘಟಕಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತದೆಂದು ಅಮೆರಿಕದ ಗಾರ್ಡನ್ ಮೂರ್ ಎಂಬ ತಂತ್ರಜ್ಞರು ೧೯೬೫ರಲ್ಲಿ ಹೇಳಿದರು. ೧೯೭೫ರಲ್ಲಿ ಆ ಅವಧಿಯನ್ನು ಎರಡು ವರ್ಷವೆಂದು ತಿದ್ದಿದರು. ಅದರ ಫಲವಾಗಿ ಹಲವು ದಶಕಗಳ ಕಾಲ ಅದೇ ಹಣಕ್ಕೆ ಹೆಚ್ಚು ಶಕ್ತಿ ದೊರೆಯುತ್ತ ಬಂದಿತು, ನಿನ್ನೆಯ ವಸ್ತು ಇಂದು ಅಗ್ಗವಾಯಿತು. ನಡುನಡುವೆ ಕೆಲವು ಭಾಗಗಳ ಬೆಲೆ ಏರಿದ್ದೂ ಉಂಟು. ಆದರೂ ಒಟ್ಟಿನಲ್ಲಿ ರೂಪಾಯಿಯ ಮಿತಿ ಇಲ್ಲಿ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತದೆ. ಆದುದರಿಂದ ಇಂಥ ವಸ್ತುಗಳಿಗೆ ಸಂಖ್ಯೆಯಿಂದಲೇ ಪರಿಮಾಣ ಮಾಡಬೇಕು, ಅದನ್ನೂ ಇಚ್ಛೆ ಹುಟ್ಟುವುದಕ್ಕೆ ಮುಂಚೆ.

ಸಂಖ್ಯೆಯನ್ನೂ ವಂಚಿಸಬಹುದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನು ಮೊದಲೇ ಕಂಡಿದ್ದಾರೆ. ಎರಡು ಮನೆಗಳನ್ನು ಕೂಡಿಸಿ ಒಂದೇ ಎನ್ನುವುದು, ಪಾತ್ರೆಗಳ ರೂಪವನ್ನು ಬದಲಿಸಿ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುವುದು ಮೊದಲಾದ ಉಪಾಯಗಳಿಂದ ಪರಿಮಾಣವನ್ನು ಮೀರಬಾರದೆಂದು ಅವರು ಎಚ್ಚರಿಸಿದ್ದಾರೆ. ಒಂದೇ ಕ್ಯಾಬಿನೆಟ್ಟಿನೊಳಗೆ ನಾಲ್ಕು ಡಿಸ್ಕುಗಳನ್ನು ತುಂಬಿ “ಗಣಕ ಒಂದೇ” ಎನ್ನುವವನು ಹೊಸದೇನನ್ನೂ ಕಂಡುಹಿಡಿದಿಲ್ಲ.

ಇನ್ನೊಂದು ಶಂಕೆ: ಗಣಕಯಂತ್ರವು ಜ್ಞಾನೋಪಕರಣವಲ್ಲವೇ? ಮುನಿಗಳಿಗೂ ಪಿಂಛಿ, ಕಮಂಡಲು, ಶಾಸ್ತ್ರಗಳು ಉಪಕರಣಗಳೆಂದು ಅನುಮತವಾಗಿವೆಯಲ್ಲ. ಉಪಕರಣವೆಂಬ ಮಾತು ನಿಜ. ಆದರೆ ಮುನಿಗಳ ಉಪಕರಣವು ಸಂಯಮ, ಶೌಚ, ಜ್ಞಾನಗಳಿಗೆ ಎಷ್ಟು ಬೇಕೋ ಅಷ್ಟು. ಅದರಲ್ಲಿಯೂ ಮಮತ್ವ ಹುಟ್ಟಿದರೆ ಅದು ಪರಿಗ್ರಹವೇ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ಅವನ್ನು ಶಾಸ್ತ್ರದಾನವಾಗಿ ಹಂಚಿದಳು, ಸಾವಿರವನ್ನೂ ತನ್ನ ಮನೆಯಲ್ಲಿ ಒಟ್ಟಿಕೊಳ್ಳಲಿಲ್ಲ. ಕನ್ನಡದಲ್ಲಿ ಒಂದು ಗ್ರಂಥವನ್ನು ಬೆರಳಚ್ಚು ಮಾಡುವುದಕ್ಕೆ, ಲೆಕ್ಕ ಬರೆಯುವುದಕ್ಕೆ, ಮಕ್ಕಳ ಪಾಠಕ್ಕೆ ಹತ್ತು ವರ್ಷದ ಹಳೆಯ ಗಣಕವೂ ಸಾಕು. ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ, ನಾಲ್ಕು ಜಿಬಿ ರ್ಯಾಮನ್ನು ಎಂಟು ಮಾಡಿದರೆ, ಕುಂಟುತ್ತಿದ್ದ ಯಂತ್ರವು ಪುನಃ ಓಡುತ್ತದೆ. ತರುಣನ ಜೋಡಣೆಯ ವಿದ್ಯೆ ಸಾರ್ಥಕವಾಗುವುದು ಇಲ್ಲಿ. ಆ ವಿದ್ಯೆಯನ್ನು ವ್ರತವು ನಿಷೇಧಿಸುವುದಿಲ್ಲ. ಯಂತ್ರವನ್ನು ಬಲ್ಲವನು ಇಲ್ಲದ ಮನೆಯಲ್ಲಿ ಒಂದು ಪಂಖ ನಿಂತರೂ ಇಡೀ ಯಂತ್ರವೇ ಗುಜರಿಗೆ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಅವರ ಜೊತೆಗಾರರೂ ಈ ಶತಮಾನದ ಆರಂಭದಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವನ್ನು ಇಲ್ಲಿ ನೆನೆಯಬಹುದು. ಯಂತ್ರ ಒಂದೇ, ಅದನ್ನು ಬಳಸುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಸ್ಮಾರ್ಟ್ ಕಾರ್ಡ್. ಹೀಗೆ ಹಲವರು ಒಂದನ್ನೇ ಹಂಚಿಕೊಳ್ಳಬಹುದೆಂಬುದು ಅದರ ಕಲ್ಪನೆ. ಮಾರುಕಟ್ಟೆಯಲ್ಲಿ ಅದು ಬಹುಕಾಲ ಉಳಿಯಲಿಲ್ಲ. ಆದರೆ ಮನೆಯಲ್ಲಿ ನಾಲ್ವರಿಗೆ ನಾಲ್ಕು ಯಂತ್ರಗಳು ಬೇಕೇ ಎಂಬ ಪ್ರಶ್ನೆಯನ್ನು ಅದು ಕೇಳಿತ್ತು.

ಕರಾವಳಿಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಒಂದೆರಡು ಮಾತುಗಳಿವೆ. ಕಾರವಾರ, ಅಂಕೋಲೆಗಳ ಉಪ್ಪುಗಾಳಿಯಲ್ಲಿ ಕೂಡಿಟ್ಟ ಭಾಗ ಉಳಿಯುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಲೋಹದ ಸಂಧಿಗಳಿಗೆ ಕಿಲುಬು ಹಿಡಿಯುತ್ತದೆ, ಬಳಸದೆ ಇಟ್ಟ ಕೆಪಾಸಿಟರುಗಳು ಕೆಡುತ್ತವೆ. ದಿನವೂ ನಡೆಯುವ ಯಂತ್ರವು ತನ್ನ ಬಿಸಿಯಿಂದಲೇ ತೇವವನ್ನು ದೂರವಿಡುತ್ತದೆ; ಮುಂದೆ ಬೇಕಾದೀತೆಂದು ಇಟ್ಟದ್ದು ಬೇಕಾದ ದಿನ ಕೆಲಸಕ್ಕೆ ಬಾರದು. ಬೆಚ್ಚಗಿನ ಕ್ಯಾಬಿನೆಟ್ಟಿನೊಳಗೆ ಇರುವೆ, ಜಿರಲೆ, ಹಲ್ಲಿಗಳು ಸೇರಿಕೊಳ್ಳುವುದೂ ಮಳೆಗಾಲದಲ್ಲಿಯೇ. ಹಲವು ದಿನ ಮುಚ್ಚಿಟ್ಟ ಯಂತ್ರವನ್ನು ತೆರೆದು ನೋಡದೆ, ಮೃದುವಾದ ಕುಂಚದಿಂದ ಜೀವಿಗಳನ್ನು ಸಾವಧಾನವಾಗಿ ಹೊರಗೆ ಬಿಡದೆ ವಿದ್ಯುತ್ತನ್ನು ಹಾಯಿಸುವುದು ಪ್ರಮಾದಚರ್ಯೆಯೇ ಸರಿ. ಯಂತ್ರಗಳು ಕಡಿಮೆಯಿದ್ದಲ್ಲಿ ಈ ಯತ್ನಾಚಾರ ಸಾಧ್ಯ. ಹನ್ನೊಂದು ಪೆಟ್ಟಿಗೆಗಳನ್ನು ಯಾರು ಝಾಡಿಸುತ್ತಾರೆ?

ವಿದ್ಯುತ್ತಿನ ಲೆಕ್ಕವೂ ಚಿಕ್ಕದಲ್ಲ. ೬೦ ವಾಟ್ ಎಳೆಯುವ ಯಂತ್ರವನ್ನು ಹಗಲಿರುಳು ಸುಮ್ಮನೆ ಚಾಲೂ ಇಟ್ಟರೆ ತಿಂಗಳಿಗೆ ೪೩ ಯೂನಿಟ್ಟುಗಳಾಗುತ್ತವೆ. ಕದ್ರಾದ ೧೫೦ ಮೆಗಾವಾಟ್, ಕೊಡಸಳ್ಳಿಯ ೧೨೦ ಮೆಗಾವಾಟ್ ಜಲವಿದ್ಯುತ್ತಿಗಾಗಿ ಮನೆಮಾರುಗಳನ್ನು ಬಿಟ್ಟೆದ್ದ ಜನರು ಅದೇ ತಾಲೂಕುಗಳಲ್ಲಿ ಇದ್ದಾರೆ. ನಿಷ್ಪ್ರಯೋಜನವಾಗಿ ಉರಿಸಿದ ಯೂನಿಟ್ಟಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಎಂದು ಆ ಸೀಮೆಯವರಂತೂ ಹೇಳಲಾರರು. ಬಿಸುಟ ವಸ್ತುಗಳ ಸ್ಥಿತಿಯೂ ಹೀಗೆಯೇ. ೨೦೨೨ರಲ್ಲಿ ಪ್ರಪಂಚದಲ್ಲಿ ೬.೨ ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ, ಸರಿಯಾದ ರೀತಿಯಲ್ಲಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಅದರ ಕಾಲುಭಾಗಕ್ಕೂ ಕಡಿಮೆಯೆಂದೂ ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಹಾಗಾಗಿ ಮಿತಿಯನ್ನು ಉಳಿಸಿಕೊಳ್ಳಲು ಹೆಚ್ಚಾದುದನ್ನು ಕಸದ ಗುಂಡಿಗೆ ಎಸೆಯುವುದೂ ಪರಿಹಾರವಲ್ಲ.

ದೃಷ್ಟಾಂತದ ಮನೆಗೆ ಮರಳಿದರೆ, ೨೦೧೯ರ ಭಾದ್ರಪದದಲ್ಲಿ ಉತ್ತಮ ಆಕಿಂಚನ್ಯದ ದಿನ ಮಗನು ನಿಯಮವನ್ನು ಹೊಸದಾಗಿ ತೆಗೆದುಕೊಂಡ. ಬಳಕೆಗೆ ಒಂದು ಗಣಕ, ಅಭ್ಯಾಸಕ್ಕೆ ಒಂದು, ಮೊಬೈಲು ಒಂದು, ಬಿಡಿಭಾಗಗಳು ಹನ್ನೆರಡು; ಡಿಸ್ಕುಗಳನ್ನು ಬೇರೆಯಾಗಿಯೇ ಎಣಿಸತಕ್ಕದ್ದು; ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಮೊದಲು ಹೊರಗೆ ಹೋಗಿರತಕ್ಕದ್ದು. ಯಾವಜ್ಜೀವದ ಯಮವಾಗಿ ಅಲ್ಲ, ಮುಂದಿನ ಭಾದ್ರಪದದವರೆಗಿನ ನಿಯಮವಾಗಿ. ಪ್ರತಿವರ್ಷವೂ ಎಣಿಸಿ ನವೀಕರಿಸುವಂತೆ. ಮಿಕ್ಕವುಗಳಿಂದ ಎರಡು ಯಂತ್ರಗಳನ್ನು ಜೋಡಿಸಿ ನೆರೆಯಲ್ಲಿ ಪುಸ್ತಕಗಳನ್ನು ಕಳೆದುಕೊಂಡಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಕೊಟ್ಟ. ಇದನ್ನು ಪಾತ್ರದಾನವೆನ್ನದೆ ಕರುಣಾದಾನವೆನ್ನುವುದು ಸರಿ. ತೀರ ಕೆಟ್ಟವನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಿದ. ಪ್ರೀತಿಯ ಒಂದು ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಬಿಡಲಾಗಲಿಲ್ಲ. ಅದನ್ನು ಹನ್ನೆರಡರೊಳಗೆ ಎಣಿಸಿ ಇಟ್ಟುಕೊಂಡ; ಅದರಲ್ಲಿ ದೋಷವಿಲ್ಲ, ಅಣುವ್ರತಿಯು ಮಹಾವ್ರತಿಯಲ್ಲ.

ಆ ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ೨೦೨೫ರಲ್ಲಿ. ಆ ವರ್ಷದ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ ೧೧ ಕೇಳುವ ಟಿಪಿಎಂ ೨.೦ ಮೊದಲಾದವು ಅವನ ಹಳೆಯ ಯಂತ್ರಗಳಲ್ಲಿ ಇರಲಿಲ್ಲ. ಲೋಭಕ್ಕೆ ಇಷ್ಟು ಗೌರವಾನ್ವಿತವಾದ ಕಾರಣ ಅಪರೂಪ. ಅವನು ಕೊನೆಗೆ ಮಾಡಿದ್ದಿಷ್ಟು: ಕಚೇರಿಯ ಕೆಲಸಕ್ಕೆ ಬೇಕಾದ ಯಂತ್ರಕ್ಕೆ ಹೊಸ ಮದರ್‌ಬೋರ್ಡನ್ನೂ ಪ್ರೊಸೆಸರನ್ನೂ ತರಿಸಿದ; ಅದಕ್ಕೆ ಮೊದಲು ಆ ಗ್ರಾಫಿಕ್ಸ್ ಕಾರ್ಡನ್ನೂ ಇನ್ನೊಂದು ಭಾಗವನ್ನೂ ಬಿಟ್ಟುಕೊಟ್ಟ. ಅಭ್ಯಾಸದ ಯಂತ್ರಕ್ಕೆ ಲಿನಕ್ಸ್ ಹಾಕಿದ, ಅದರಲ್ಲಿ ಅಜ್ಜಿಯ ನೀರು ಕುಡಿದ ಗ್ರಂಥಗಳ ಪುಟಗಳನ್ನು ಒಂದೊಂದಾಗಿ ಬೆರಳಚ್ಚು ಮಾಡುತ್ತಿದ್ದಾನೆ.

ಅವನು ವಸ್ತುಗಳನ್ನು ಎಣಿಸುತ್ತಿದ್ದ ಆ ಆಕಿಂಚನ್ಯದ ದಿನವೇ ಅಜ್ಜಿ ಸೊಸೆಯನ್ನು ಕರೆದು, ಅಟ್ಟದ ಮೇಲೆ ಪೆಟ್ಟಿಗೆಗಳ ಹಿಂದೆ ಕಂಡ ಸ್ಟೀಲು ಪಾತ್ರೆಗಳು ಯಾರ ಪರಿಮಾಣದಲ್ಲಿವೆ ಎಂದು ಕೇಳಿದಳು. ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದವು, ಹಣ ಕೊಟ್ಟು ತಂದವಲ್ಲ ಎಂದು ತಾಯಿ ಹೇಳಿದಳು. ಮಗನು ಏಣಿಯನ್ನು ತಂದು ಅವನ್ನೂ ಕೆಳಗೆ ಇಳಿಸಿದ, ಎಣಿಸಿದಾಗ ಅರವತ್ತನಾಲ್ಕಾದವು.