ಕಾಪುವಿನ ಬಂಡೆ ಮತ್ತು ನಮ್ಮೂರ ಕಲ್ಲು

ದೇವರಾಯನದುರ್ಗದ ಬಳಿಯ ನಮ್ಮೂರು ಸತ್ಯಮಂಗಲದಿಂದ ಪಡುವಣ ಕಡಲಿಗೆ ಹೆಚ್ಚುಕಡಿಮೆ ಒಂದು ಹಗಲಿನ ದಾರಿ. ಮಳೆನೀರಂತೂ ಆ ಕಡೆ ಹೋಗುವುದೇ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ, ಜಯಮಂಗಲಿ ಪಿನಾಕಿನಿಗೆ ಸೇರಿ, ಎರಡೂ ಕೊನೆಗೆ ಬಂಗಾಳ ಕೊಲ್ಲಿಗೇ ಬೀಳುತ್ತವೆ. ಹಾಗಾಗಿ ಕಡಲಿಗೆ ಚಾಚಿದ ನೆಲದ ತುದಿ, ಅಂದರೆ ‘ಭೂಶಿರ’, ನಮ್ಮ ಮಕ್ಕಳಿಗೆ ಪುಸ್ತಕದ ಕನ್ಯಾಕುಮಾರಿ, ಅಷ್ಟೇ.

ಅಷ್ಟು ದೂರ ಬೇಡ, ಕಾಪುವಿಗೆ ಹೋಗೋಣ. ಉಡುಪಿಯಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ. ಮರಳ ದಂಡೆಯ ಅಂಚಿನಲ್ಲಿ ಕಡಲಿಗೆ ಮುಖಮಾಡಿದ ಬಂಡೆ. ಅದರ ನೆತ್ತಿಯಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ. ದೊಡ್ಡ ಭೂಶಿರವೇನಲ್ಲ. ಪಾಠಕ್ಕೆ ಚಿಕ್ಕದೇ ವಾಸಿ, ಒಂದೇ ನೋಟಕ್ಕೆ ಎಲ್ಲವೂ ಸಿಗುತ್ತದೆ.

ದೇವರಾಯನದುರ್ಗ ಹತ್ತಿದವರಿಗೆ ಇಂಥ ಗಟ್ಟಿ ಕಲ್ಲು ಹೊಸದಲ್ಲ. ಅಲ್ಲಿ ಅದನ್ನು ಸವೆಸುವುದು ಬಿಸಿಲು, ಮಳೆ, ಇಲ್ಲಿ ಅಲೆ. ಅಪ್ಪಳಿಸಿದ ಅಲೆ ಬಿರುಕಿನೊಳಗಿನ ಗಾಳಿಯನ್ನು ಅದುಮುತ್ತದೆ, ಹಿಂದೆ ಸರಿದಾಗ ಬಿಡುತ್ತದೆ. ಅದುಮಿ ಬಿಟ್ಟು, ಅದುಮಿ ಬಿಟ್ಟು ಬಿರುಕು ಅಗಲವಾಗುತ್ತದೆ. ನೀರಿನೊಡನೆ ಬಂದ ಮರಳು ಉಪ್ಪುಕಾಗದದಂತೆ ಉಜ್ಜುತ್ತದೆ. ಮೆತ್ತನೆಯ ನೆಲ ಬೇಗ ಕರಗಿ ಹಿಂದೆ ಸರಿದರೆ ಗಟ್ಟಿ ಬಂಡೆ ಇದ್ದಲ್ಲೇ ಉಳಿಯುತ್ತದೆ. ಅದಕ್ಕೇ ಅದು ಮುಂದೆ ಚಾಚಿದಂತೆ ಕಾಣುವುದು.

ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು: ಅಲೆ ಬಾಗುವ ಬಗೆ. ಹತ್ತು ಮಕ್ಕಳು ಕೈಕೈ ಹಿಡಿದು ಸಾಲಾಗಿ ಓಡುತ್ತಿದ್ದಾರೆ ಎನ್ನಿ. ನಡುವಿನವರು ಕೆಸರಿಗೆ ಕಾಲಿಟ್ಟು ನಿಧಾನವಾದರೆ ಸಾಲು ಅವರ ಸುತ್ತ ಬಾಗುತ್ತದೆ, ಅಲ್ಲವೇ? ಅಲೆಗೆ ಆ ಕೆಸರು ಎಂದರೆ ಬಂಡೆಯ ಮುಂದಿನ ಆಳವಿಲ್ಲದ ನೀರು. ಅಲೆ ಬಾಗಿ ಬಂಡೆಯನ್ನು ಎರಡೂ ಪಕ್ಕದಿಂದ ಬಡಿಯುತ್ತದೆ. ಆಚೀಚೆ ಕರಾವಳಿ ಒಳಸರಿದ ಕಡೆ ಅದರ ಬಲ ಹರಡಿಹೋಗಿ, ಹೊತ್ತು ತಂದ ಮರಳನ್ನು ಅಲ್ಲೇ ಬಿಟ್ಟುಬಿಡುತ್ತದೆ. ಭೂಶಿರದ ಮಗ್ಗುಲಲ್ಲಿ ಮರಳ ದಂಡೆ ಸಿಗುವುದು ಇದರಿಂದಲೇ.

ಇನ್ನು ಬಂಡೆಯ ನೆತ್ತಿಯ ದೀಪ. ಅದು ಎತ್ತರದಲ್ಲೇ ಏಕಿರಬೇಕು? ಭೂಮಿ ದುಂಡಗಿದೆ. ದಂಡೆಯಲ್ಲಿ ನಿಂತ ನಿಮ್ಮ ಕಣ್ಣಿಗೆ ಕಡಲ ಅಂಚು ನಾಲ್ಕೂವರೆ ಕಿ.ಮೀ. ಆಚೆಗಷ್ಟೇ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ ನೋಡಿ, ಈ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ಸ್ತಂಭದ ಎತ್ತರ ಸುಮಾರು 27 ಮೀಟರ್. ಅದೊಂದಕ್ಕೇ 18 ಕಿ.ಮೀ. ಮೀರುತ್ತದೆ. ಕೆಳಗಿನ ಬಂಡೆಯ ಎತ್ತರ ಸೇರಿದರೆ ಇನ್ನೂ ಹೆಚ್ಚು. ದೋಣಿಗೆ ಅಪಾಯವಾದ ಬಂಡೆಯೇ ದೀಪಕ್ಕೆ ಅಡಿಪಾಯ!

ಮಳೆಗಾಲದಲ್ಲಿ ಹೋದರೆ ದಂಡೆಯಿಂದಲೇ ನೋಡಿ. ಪಾಚಿಗಟ್ಟಿದ ಬಂಡೆಯ ಅಂಚಿಗೆ ಮಾತ್ರ ಕಾಲಿಡಬೇಡಿ.