ಸಂಚಾರಿ ಮನೆಯ ಹೊಗೆಕೊಳವೆ ಮತ್ತು ತಳದ ಕಾವು

ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿ ಮುಂತಾದ ಅನುಕೂಲಗಳನ್ನು ಒಳಗೊಂಡ ಮೋಟಾರು ವಾಹನಕ್ಕೆ ಕ್ಯಾರವಾನ್ ಅಥವಾ ಸಂಚಾರಿ ಮನೆ ಎಂಬ ಹೆಸರಿದೆ. ಮಹಾರಾಷ್ಟ್ರ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ರೂಪಿಸಿತು. ಬಸ್ಸಿನ ಅಥವಾ ಲಾರಿಯ ಚಾಸಿಯ ಮೇಲೆ ಕಟ್ಟಲಾಗುವ ಇಂತಹ ವಾಹನಗಳಲ್ಲಿ ಕಾಣಬರುವ ಒಂದು ತೊಂದರೆಯೆಂದರೆ, ಎಂಜಿನ್ನಿನ ಹೊಗೆಕೊಳವೆಯ ಕಾವು ನೆಲಹಾಸನ್ನು ದಾಟಿ ಒಳಗೆ ಬರುವುದು. ಇದರ ಶಾಸ್ತ್ರೀಯ ನಾಮ 'ನಿಷ್ಕಾಸ ಕೊಳವೆ'. ಆದರೆ ಗ್ಯಾರೇಜಿನಲ್ಲಿ ಹಾಗೆಂದು ಕೇಳಿದರೆ ಉತ್ತರ ದೊರೆಯಲಾರದು, ಅಲ್ಲಿ ಅದು ಸೈಲೆನ್ಸರ್ ಪೈಪು.

ಕಾವು ಎಲ್ಲ ಕಾಲದಲ್ಲಿಯೂ ಒಂದೇ ರೀತಿ ಇರುವುದಿಲ್ಲ. ಮುಂಬಯಿಯಿಂದ ನಾಸಿಕದತ್ತ ಸಾಗುವ ವಾಹನವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಠಾಣೆಯ ಕೋಪರಿಯಲ್ಲಿ ಪೂರ್ವ ದ್ರುತಗತಿ ಹೆದ್ದಾರಿಯು ರೈಲು ಹಳಿಗಳನ್ನು ದಾಟುವ ಸೇತುವೆ ಹೆದ್ದಾರಿಗಿಂತ ಕಿರಿದಾಗಿದ್ದ ಕಾರಣ, 2023ರಲ್ಲಿ ವಿಸ್ತರಣೆ ಮುಗಿಯುವವರೆಗೂ ಅಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಿಂತ ವಾಹನದ ಅಡಿಯಲ್ಲಿ ಗಾಳಿ ಹರಿಯದು. ಕೊಳವೆಯು ಆಗಲೇ ಪಡೆದ ಕಾವು ಮೇಲೇರಿ ನೆಲದ ಹಲಗೆಯಲ್ಲಿ ಸೇರುತ್ತದೆ. ಮುಂದೆ ಕಸಾರಾ ಘಟ್ಟವನ್ನು ಏರುವಾಗ ಗಾಳಿ ಇದ್ದರೂ ಎಂಜಿನ್ ಪೂರ್ಣ ಹೊರೆಯಲ್ಲಿ ದುಡಿಯುವುದರಿಂದ ಹೊಗೆಯ ಉಷ್ಣತೆಯೇ ಹೆಚ್ಚುತ್ತದೆ. ಕಾದ ಲೋಹದಿಂದ ಹೊರಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಕೊಳವೆಯ ಮೈ 300 ಡಿಗ್ರಿ ಸೆಲ್ಸಿಯಸ್‌ನಿಂದ 500 ಡಿಗ್ರಿಗೆ ಏರಿದರೆ ವಿಕಿರಣವು ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಮನೆಗಳಿಗೆ ಬಳಸುವ ಸಾಮಾನ್ಯ ಪಿ.ವಿ.ಸಿ. ವಿದ್ಯುತ್ ತಂತಿಯ ಹೊದಿಕೆ ತಾಳಬಲ್ಲದ್ದು 70 ಡಿಗ್ರಿ ಮಾತ್ರ. ಅಂತಹ ತಂತಿ, ಪ್ಲೈವುಡ್, ಅಡುಗೆ ಅನಿಲದ ಸಿಲಿಂಡರು ಇವುಗಳ ಪಕ್ಕದಲ್ಲಿಯೇ ಕೊಳವೆ ಹಾದುಹೋದರೆ ಅಪಾಯ ಎಷ್ಟೆಂಬುದನ್ನು ಊಹಿಸಬಹುದು.

ಕೊಳವೆಯ ದಾರಿಯನ್ನೇ ಬದಲಿಸಬೇಕೆಂಬ ಯೋಚನೆ ಮಾಲೀಕರಿಗೆ ಸಹಜವಾಗಿ ಬರುತ್ತದೆ. ಆದರೆ ಮೊದಲು ಮಾಡಬೇಕಾದುದು ಅದಲ್ಲ. ಕೊಳವೆಗೂ ನೆಲಕ್ಕೂ ನಡುವೆ ತೆಳುವಾದ ಹೊಳಪು ಲೋಹದ ತಗಡೊಂದನ್ನು, ಎರಡೂ ಬದಿಗೆ ಗಾಳಿ ಆಡುವಂತೆ ತೂಗಿಬಿಟ್ಟರೆ, ಮೇಲೆ ತಲುಪುವ ವಿಕಿರಣವು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ತಗಡನ್ನು ನೇರವಾಗಿ ಹಲಗೆಗೆ ಹೊಡೆದುಬಿಟ್ಟರೆ ಈ ಪ್ರಯೋಜನದ ಬಹುಪಾಲು ಕಳೆದುಹೋಗುತ್ತದೆ, ಏಕೆಂದರೆ ತಗಡು ತಾನು ಹೀರಿದ ಕಾವನ್ನು ಹಲಗೆಗೇ ದಾಟಿಸುತ್ತದೆ. ಕೊಳವೆಗೆ ಉಷ್ಣನಿರೋಧಕ ಪಟ್ಟಿ ಸುತ್ತುವ ಪದ್ಧತಿಯೂ ಉಂಟು. ಕೊಂಕಣದ ಮಳೆಗಾಲದಲ್ಲಿ ಪಟ್ಟಿ ನೀರನ್ನು ಹಿಡಿದಿಟ್ಟು ಒಳಗೊಳಗೇ ತುಕ್ಕು ಹಿಡಿಸುತ್ತದೆ. ಕಲ್ನಾರಿನ ಹಗ್ಗವನ್ನಂತೂ ಸುತ್ತಲೇಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ.

ಇಷ್ಟಾದರೂ ಕಾವು ಇಳಿಯದಿದ್ದರೆ ಮಾತ್ರ ದಾರಿ ಬದಲಿಸುವುದು ಯುಕ್ತ. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಈ ವಿಷಯದಲ್ಲಿ ಸ್ಪಷ್ಟವಾಗಿವೆ. 112ನೇ ನಿಯಮದಂತೆ ಹೊಗೆಯು ಕೆಳಮುಖವಾಗಿಯಾಗಲಿ ಎಡಕ್ಕಾಗಲಿ ಹೊರಬೀಳಬಾರದು. ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು. ನಮ್ಮ ದೇಶದಲ್ಲಿ ಪಾದಚಾರಿಗಳೂ ವಾಹನದ ಬಾಗಿಲೂ ಇರುವುದು ಎಡಗಡೆಯಲ್ಲಿ. 113ನೇ ನಿಯಮದಂತೆ ಇಂಧನದ ನಳಿಕೆಗೂ ಹೊಗೆಕೊಳವೆಗೂ ಕನಿಷ್ಠ 35 ಮಿಲಿಮೀಟರ್ ಅಂತರವಿರಬೇಕು. ದಹ್ಯ ವಸ್ತುಗಳು ಕೊಳವೆಗೆ ತಾಗದಂತಿರಬೇಕು, ಹೊಗೆ ಒಳಗೆ ಬಾರದಂತಿರಬೇಕು ಎನ್ನುವ 114ನೇ ನಿಯಮವು ಸಾರ್ವಜನಿಕ ಸೇವಾ ವಾಹನಗಳಿಗೆ ಸಂಬಂಧಿಸಿದ್ದು. ಸ್ವಂತ ವಾಹನದವರು ಪಾಲಿಸಿದರೆ ಅವರಿಗೇ ಕ್ಷೇಮ. ಇದಲ್ಲದೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ನಿರ್ಬಂಧಿಸುತ್ತದೆ. ಆದಕಾರಣ ತಯಾರಕರ ಅಧಿಕೃತ ಕಾರ್ಯಾಗಾರವನ್ನೂ ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ಮೊದಲೇ ವಿಚಾರಿಸತಕ್ಕದ್ದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ವಾಹನಗಳಲ್ಲಿ ಹೊಗೆಯ ಶುದ್ಧೀಕರಣ ಸಾಧನಗಳಿರುವ ಭಾಗವನ್ನು ಮುಟ್ಟಲೇಬಾರದು. ಮಸಿಯನ್ನು ಸುಟ್ಟುಹಾಕುವಾಗ ಡೀಸೆಲ್ ಸೋಸುಕವು ಸುಮಾರು 600 ಡಿಗ್ರಿಯವರೆಗೆ ಕಾಯುತ್ತದೆ.

ಹೊಸ ದಾರಿಯಲ್ಲಿ ಬಾಗುಗಳು ಕಡಿಮೆಯಿರಬೇಕು, ಕೊಳವೆಯ ವ್ಯಾಸ ಕುಗ್ಗಬಾರದು. ಹೊಗೆಗೆ ತಡೆಯುಂಟಾದರೆ ಎಂಜಿನ್ ಇನ್ನಷ್ಟು ಕಾಯುತ್ತದೆ, ಇಂಧನವೂ ಹೆಚ್ಚು ವ್ಯಯವಾಗುತ್ತದೆ. 4 ಮೀಟರ್ ಉದ್ದದ ಉಕ್ಕಿನ ಕೊಳವೆಯು 300 ಡಿಗ್ರಿಯಷ್ಟು ಕಾದಾಗ ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಚಾಸಿಗೆ ಬಿಗಿಯಾಗಿ ಬೆಸೆದರೆ ಎಲ್ಲಿಯಾದರೂ ಬಿರುಕು ಬಿಡುವುದು ನಿಶ್ಚಿತ. ಬಾಗಬಲ್ಲ ಜೋಡಣೆ ಮತ್ತು ರಬ್ಬರಿನ ತೂಗುಪಟ್ಟಿಗಳನ್ನು ಬಳಸುವುದು ಈ ಕಾರಣಕ್ಕಾಗಿ.

ಬಿರುಕಿನ ಪರಿಣಾಮ ಶಬ್ದಕ್ಕಷ್ಟೇ ಸೀಮಿತವಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹೀಮೊಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತೂಕಡಿಕೆ ಇದರ ಮೊದಲ ಲಕ್ಷಣಗಳು. ಪ್ರಯಾಣದ ಆಯಾಸವೂ ಹೀಗೆಯೇ ತೋರುವುದರಿಂದ ಹಾಸಿಗೆಯ ಮೇಲಿರುವ ಮಗುವಿಗೆ ಏನಾಗುತ್ತಿದೆ ಎಂಬುದು ಮುಂದೆ ಕುಳಿತವರಿಗೆ ಹೊಳೆಯದೆ ಹೋಗಬಹುದು. ಓಡುವ ಪೆಟ್ಟಿಗೆಯಾಕಾರದ ವಾಹನದ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗಿ, ಹೊರಬಿದ್ದ ಹೊಗೆ ತೆರೆದ ಹಿಂಬದಿಯ ಕಿಟಕಿಯಿಂದ ಮರಳಿ ಒಳನುಗ್ಗುವುದೂ ಉಂಟು. ಅದಕ್ಕಾಗಿ ಕೊಳವೆಯ ತುದಿ ವಾಹನದ ಮೈಯ ಅಂಚನ್ನು ದಾಟಿರಬೇಕು, ನೆಲದಲ್ಲಿ ತಂತಿ ಮತ್ತು ನಲ್ಲಿಗಳಿಗಾಗಿ ಕೊರೆದ ರಂಧ್ರಗಳೆಲ್ಲ ಮುಚ್ಚಿರಬೇಕು. ಮಲಗುವ ಜಾಗದಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಎಚ್ಚರಿಕೆ ಗಂಟೆಯೊಂದನ್ನು ಅಳವಡಿಸುವ ವೆಚ್ಚವನ್ನು ದುಬಾರಿಯೆಂದು ಭಾವಿಸಬಾರದು. ರಾತ್ರಿ ತಂಗಿದಾಗ ಹವಾನಿಯಂತ್ರಣಕ್ಕಾಗಿ ಎಂಜಿನ್ನನ್ನು ಚಾಲನೆಯಲ್ಲಿರಿಸಿ ನಿದ್ರಿಸಕೂಡದು.

ಕೆಲಸ ಮುಗಿದ ಮೇಲೆ ಮೊದಲ ದೀರ್ಘ ಪ್ರಯಾಣದಿಂದ ಬಂದು, ಕೊಳವೆ ಪೂರ್ಣ ತಣ್ಣಗಾದ ನಂತರ, ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಜೋಡಣೆಗಳ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಎಂದೇ ತಿಳಿಯಬೇಕು.