ದಟ್ಟಣೆಯಿಲ್ಲದ ದಾರಿಯ ಓದು: ಇಂಗ್ಲೆಂಡಿನ ಗಡಿಗುಡ್ಡಗಳಲ್ಲಿ ಸೈಕಲ್ ಪಯಣ

ನಾಡೊಂದರ ಚರಿತ್ರೆಯನ್ನು ಶಾಸನಗಳಲ್ಲಿ, ಹಸ್ತಪ್ರತಿಗಳಲ್ಲಿ, ದಫ್ತರಗಳಲ್ಲಿ ಓದುವುದು ವಾಡಿಕೆ. ಆದರೆ ಅದೇ ಚರಿತ್ರೆ ರಸ್ತೆಗಳಲ್ಲಿಯೂ ಬರೆದಿರುತ್ತದೆ. ಅದನ್ನು ಓದಲು ತಕ್ಕ ವೇಗ ಬೇಕು. ಮೋಟಾರಿನಲ್ಲಿ ಹೋಗುವವನಿಗೆ ಊರಿನ ಹೆಸರು ಕಣ್ಣಿಗೆ ಬೀಳುವಷ್ಟರಲ್ಲಿ ಊರೇ ಹಿಂದಾಗಿರುತ್ತದೆ. ನಡೆಯುವವನಿಗೆ ಒಂದು ದಿನದಲ್ಲಿ ಎರಡು ಮೂರು ಕಣಿವೆಗಳನ್ನು ಹೋಲಿಸಿ ನೋಡುವುದು ಕಷ್ಟ. ಇವೆರಡರ ನಡುವಿನ ವೇಗ ಸೈಕಲ್ಲಿನದು. ಇಂಗ್ಲೆಂಡಿನ ಗುಡ್ಡಗಾಡಿನ ಕಿರುದಾರಿಗಳಲ್ಲಿ ಸೈಕಲ್ ಹೊಡೆಯುವುದನ್ನು ಬರಿಯ ವಿಹಾರವೆಂದು ಎಣಿಸದೆ ಓದಿನ ಒಂದು ಬಗೆಯೆಂದು ನೋಡಿದರೆ ಅದರಿಂದ ಕಲಿಯಬೇಕಾದದ್ದು ಬಹಳವಿದೆ. ವೇಲ್ಸ್ ನಾಡಿಗೆ ತಾಗಿಕೊಂಡಿರುವ ಶ್ರಾಪ್‌ಶೈರ್ ಕೌಂಟಿಯ ಗುಡ್ಡಗಳನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದು ಎರಡು ಭಾಷೆಗಳು ಸಾವಿರ ವರ್ಷಗಳಿಗೂ ಮಿಕ್ಕಿ ಒಂದನ್ನೊಂದು ಎದುರಿಸಿ, ಒಂದರೊಳಗೊಂದು ಬೆರೆತ ಗಡಿಸೀಮೆ.

ರಸ್ತೆಗಳು ಏಕೆ ನಿಶ್ಶಬ್ದವಾದವು?

ಈ ದಾರಿಗಳು ಮೊದಲಿನಿಂದಲೂ ನಿಶ್ಶಬ್ದವಾಗಿದ್ದವೆಂದು ಭಾವಿಸುವುದು ತಪ್ಪು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ವೇಲ್ಸಿನ ದನ-ಕುರಿಗಳ ದೊಡ್ಡ ಮಂದೆಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ಈ ಗುಡ್ಡಗಳ ಮೇಲಿಂದಲೇ ಹೊಡೆದುಕೊಂಡು ಹೋಗುತ್ತಿದ್ದರು. ದೂರದ ದಾರಿಯಲ್ಲಿ ಗೊರಸು ಸವೆಯದಂತೆ ದನಗಳಿಗೂ ಲಾಳ ಹೊಡೆಸುತ್ತಿದ್ದರು. ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೆ ಎರಡೆರಡು ತುಂಡುಗಳು. ಸುಂಕದ ಕಟ್ಟೆಗಳನ್ನು ತಪ್ಪಿಸಲು ಮಂದೆಗಳು ಕಣಿವೆಯ ರಸ್ತೆಯನ್ನು ಬಿಟ್ಟು ಬೆಟ್ಟದ ನೆತ್ತಿಯ ದಾರಿ ಹಿಡಿಯುತ್ತಿದ್ದವು. ವೇಲ್ಸಿನ ಕಡೆಯಿಂದ ಬಿಷಪ್ಸ್ ಕ್ಯಾಸಲ್ ಊರಿಗೆ ಬರುವ ಕೆರಿ ರಿಜ್‌ವೇ ಅಂಥದೊಂದು ಮಂದೆದಾರಿ. ರೈಲು ಬಂದ ಮೇಲೆ ಮಂದೆಗಳು ಡಬ್ಬಿಗಳನ್ನು ಏರಿದವು, ನೆತ್ತಿಯ ದಾರಿಗಳು ಬರಿದಾದವು.

ಬರಿದಾದ ಹಳ್ಳಿಗಾಡಿನ ರಸ್ತೆಗಳಿಗೆ ಮತ್ತೆ ಜನರನ್ನು ತಂದುದರಲ್ಲಿ ಸೈಕಲ್ಲಿನ ಪಾಲು ದೊಡ್ಡದು. 1878ರಲ್ಲಿ ಹ್ಯಾರೊಗೇಟ್ ಪಟ್ಟಣದಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ, ಸರಪಳಿಯಿಂದ ಹಿಂದಿನ ಗಾಲಿ ತಿರುಗುವ ‘ರೋವರ್’ ಸೈಕಲ್ಲನ್ನು ತಂದನು. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟಯರ್ ಬಂದಿತು. ಅದೇ ವರ್ಷದ ಸ್ಥಳೀಯ ಆಡಳಿತ ಕಾಯಿದೆಯು ಸೈಕಲ್ಲನ್ನು ‘ಗಾಡಿ’ಯೆಂದು ಕರೆದು ರಸ್ತೆಯ ಮೇಲೆ ಅದರ ಹಕ್ಕನ್ನು ಒಪ್ಪಿಕೊಂಡಿತು. ಅದಕ್ಕೂ ಮುಂಚೆ, 1886ರಲ್ಲಿ, ಸೈಕಲ್ ಸಂಘಗಳು ರಸ್ತೆ ಸುಧಾರಣೆಗಾಗಿಯೇ ಒಂದು ಒಕ್ಕೂಟವನ್ನು ಕಟ್ಟಿದ್ದವು. ಕಡಿದಾದ ಇಳಿಜಾರುಗಳ ತಲೆಯಲ್ಲಿ ಅಪಾಯದ ಫಲಕಗಳನ್ನು ನೆಟ್ಟವರಲ್ಲಿ ಸೈಕಲ್ ಸವಾರರೇ ಮೊದಲಿಗರು. ಮುಂದೆ ಮೋಟಾರುಗಳು ಅನುಭವಿಸಿದ ಒಳ್ಳೆಯ ರಸ್ತೆಗಳಿಗಾಗಿ ಮೊದಲು ದುಡಿದವರು ಇವರೆಂಬುದನ್ನು ಮರೆಯಬಾರದು.

1920ರ ದಶಕದ ಆರಂಭದಲ್ಲಿ ಸರಕಾರವು ಮುಖ್ಯ ರಸ್ತೆಗಳನ್ನು ‘ಎ’, ‘ಬಿ’ ಎಂಬ ಶ್ರೇಣಿಗಳಲ್ಲಿ ವಿಂಗಡಿಸಿತು. ಸಂಚಾರವೆಲ್ಲ ಆ ರಸ್ತೆಗಳಿಗೆ ಹರಿಯಿತು. ಶ್ರೇಣಿಯ ಹೊರಗೆ ಉಳಿದ, ಎರಡೂ ಬದಿಗೆ ಜೀವಂತ ಬೇಲಿಯಿರುವ, ಎದುರುಬದುರು ಎರಡು ಗಾಡಿಗಳು ದಾಟಲಾರದಷ್ಟು ಕಿರಿದಾದ ಹಾದಿಗಳೇ ಇಂದಿನ ಸೈಕಲ್ ಸವಾರರ ಸಂಪತ್ತು. ಒಂದು ಮಾತಿನಲ್ಲಿ ಹೇಳುವುದಾದರೆ, ನಿಶ್ಶಬ್ದ ರಸ್ತೆಯೆಂದರೆ ವ್ಯಾಪಾರವು ಕೈಬಿಟ್ಟ ರಸ್ತೆ.

ನಕಾಶೆಯ ಓದು

ಅಂಥ ದಾರಿಯನ್ನು ಗುರುತಿಸುವುದು ನಕಾಶೆಯಿಂದ. ಬ್ರಿಟನ್ನಿನ ಆರ್ಡ್‌ನನ್ಸ್ ಸರ್ವೆ ಸಂಸ್ಥೆಯ 1:50,000 ಪ್ರಮಾಣದ ಹಾಳೆಗಳಲ್ಲಿ ನೆಲದ ಒಂದು ಕಿಲೋಮೀಟರ್ ಎರಡು ಸೆಂಟಿಮೀಟರ್ ಆಗುತ್ತದೆ. ಅದರಲ್ಲಿ ಕಿರುರಸ್ತೆಗಳು ಹಳದಿ ಬಣ್ಣದಲ್ಲಿರುತ್ತವೆ. ಸಮೋನ್ನತಿ ರೇಖೆಗಳು ಹತ್ತು ಮೀಟರಿಗೊಂದರಂತೆ ಇರುವುದರಿಂದ, ಹಳದಿ ಗೆರೆಯು ಅವುಗಳನ್ನು ಎಷ್ಟು ಬೇಗ ಬೇಗ ಕತ್ತರಿಸುತ್ತದೆಂಬುದನ್ನು ಎಣಿಸಿದರೆ ಏರಿನ ಅಂದಾಜು ಸಿಗುತ್ತದೆ. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇಕಡಾ 14ರಿಂದ 20. ಎರಡಿದ್ದರೆ ಅದಕ್ಕೂ ಮೀರಿದ್ದು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ. ಎರಡು ಊರುಗಳ ನಡುವೆ ಕೆಂಪು ರಸ್ತೆ ನೇರವಾಗಿ ಹೋದರೆ, ಹಳದಿಯದು ತೋಟಪಟ್ಟಿಗಳನ್ನು ಸುತ್ತಿ, ಹಳ್ಳಕ್ಕೆ ಇಳಿದು, ಚರ್ಚಿನ ಮಗ್ಗುಲಲ್ಲಿ ಏರಿ ಬರುತ್ತದೆ. ಅನುಭವಿ ಸವಾರನು ಈ ಸುತ್ತನ್ನೇ ಆರಿಸಿಕೊಳ್ಳುತ್ತಾನೆ.

ಒಂದು ದಿನದ ದಾರಿ

ಚರ್ಚ್ ಸ್ಟ್ರೆಟನ್ ರೈಲು ನಿಲ್ದಾಣದಿಂದ ಹೊರಟು ಕ್ರೇವನ್ ಆರ್ಮ್ಸ್ ನಿಲ್ದಾಣದಲ್ಲಿ ಮುಗಿಯುವ, ಸುಮಾರು 50 ಕಿಲೋಮೀಟರುಗಳ ಸುತ್ತುದಾರಿಯೊಂದನ್ನು ನೋಡೋಣ. ಊರು ದಾಟಿದೊಡನೆ ಬರ್ವೇ ಎಂಬ ಏರು. ರಸ್ತೆ ಒಂಟಿ ಗಾಡಿಯಷ್ಟೇ ಅಗಲ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ತಡೆಗೋಡೆಯಿಲ್ಲದ ಕಣಿವೆ. ಕೆಲವೆಡೆ ಏರು ಶೇಕಡಾ 20ನ್ನು ಮುಟ್ಟುತ್ತದೆ. ಇಳಿದು ಸೈಕಲ್ ತಳ್ಳುವುದರಲ್ಲಿ ಇಲ್ಲಿ ನಾಚಿಕೆಯಿಲ್ಲ. ಸುಮಾರು 300 ಮೀಟರ್ ಏರಿದ ಮೇಲೆ ಲಾಂಗ್ ಮಿಂಡ್ ಎಂಬ ಮಟ್ಟಸವಾದ ನೆತ್ತಿ. ಅದರ ಅತ್ಯುನ್ನತ ಸ್ಥಳ 516 ಮೀಟರ್. ಹೆದರ್ ಎಂಬ ಗಿಡ್ಡ ಪೊದೆಗಳ ನಡುವೆ ಕುರಿಗಳು ಮೇಯುತ್ತಿರುತ್ತವೆ. ನೆತ್ತಿಯುದ್ದಕ್ಕೂ ಹೋಗುವ ಪೋರ್ಟ್‌ವೇ ಎಂಬ ಜಾಡು ಚರಿತ್ರೆಗೂ ಹಿಂದಿನದು.

ಅಲ್ಲಿಂದ ಪಶ್ಚಿಮಕ್ಕೆ ಇಳಿದರೆ ರ್‍ಯಾಟ್ಲಿಂಗ್‌ಹೋಪ್. ಬರೆಯುವುದು ಹೀಗಾದರೂ ಸ್ಥಳೀಯರ ಬಾಯಲ್ಲಿ ಅದು ‘ರ್‍ಯಾಚಪ್’. ನಕಾಶೆಯಲ್ಲಿ ಓದಿದ್ದನ್ನೇ ಉಚ್ಚರಿಸಿ ದಾರಿ ಕೇಳುವವನು ಹೊರಗಿನವನೆಂದು ಕೂಡಲೇ ಗೊತ್ತಾಗುತ್ತದೆ. ಮುಂದೆ ದಿಣ್ಣೆಯ ಮೇಲಿರುವ ವೆಂಟ್ನರ್, ಬಳಿಕ ಬಿಷಪ್ಸ್ ಕ್ಯಾಸಲ್. ಹಿಂದೆ ಹೆರಿಫರ್ಡಿನ ಬಿಷಪ್ಪರ ಕೋಟೆಯಿದ್ದುದರಿಂದ ಆ ಹೆಸರು. ಅಲ್ಲಿಂದ ದಕ್ಷಿಣಕ್ಕೆ, ‘ಎ’ ರಸ್ತೆಯನ್ನು ಬಿಟ್ಟು ಕಿರುಹಾದಿಗಳಲ್ಲಿ ಹೋದರೆ ಕ್ಲನ್: ಕೋಟೆಯ ಪಾಳು, ಮಧ್ಯಯುಗದ ಕಲ್ಲಿನ ಕಿರುಸೇತುವೆ, ಅದರ ಕೆಳಗೆ ಅದೇ ಹೆಸರಿನ ಹೊಳೆ. ಹೊಳೆಯ ಜೊತೆಗೇ ಇಳಿಯುತ್ತ ಹೋದಂತೆ ಕ್ಲಂಟನ್, ಕ್ಲನ್‌ಬರಿ, ಆಸ್ಟನ್-ಆನ್-ಕ್ಲನ್ ಸಿಗುತ್ತವೆ. ಕೊನೆಯ ಕ್ರೇವನ್ ಆರ್ಮ್ಸ್ ಪಟ್ಟಣವು ಒಂದು ಪ್ರವಾಸಿ ತಂಗುಮನೆಯ ಹೆಸರನ್ನು ಹೊತ್ತು, ರೈಲಿನಿಂದ ಬೆಳೆದು, ಕುರಿಸಂತೆಗೆ ಹೆಸರಾದದ್ದು. ಬೆಳಗಿನಲ್ಲಿ ಬರಿದಾದ ನೆತ್ತಿಯ ಜಾಡನ್ನು ಕಂಡವನು ಸಂಜೆಗೆ, ಅದು ಬರಿದಾಗಲು ಕಾರಣವಾದ ರೈಲು ನಿಲ್ದಾಣದಲ್ಲಿ ನಿಂತಿರುತ್ತಾನೆ.

ಹೆಸರುಗಳ ಪದರ

ಭಾಷೆಯ ವಿದ್ಯಾರ್ಥಿಗೆ ಈ ದಾರಿಯ ನಿಜವಾದ ಪಾಠ ನಾಮಫಲಕಗಳಲ್ಲಿದೆ. ‘ಸ್ಟ್ರೆಟನ್’ ಎಂದರೆ ರೋಮನ್ ರಸ್ತೆಯ ಮೇಲಿನ ಊರು. ಅದರ ಮೊದಲ ಭಾಗ ಲ್ಯಾಟಿನ್ನಿನಿಂದ ಹಳೆಯ ಇಂಗ್ಲಿಷಿಗೆ ಬಂದ ‘ಸ್ಟ್ರಾಟಾ’. ಸೈನ್ಯ ಹೋದ ಮೇಲೂ ಶಬ್ದ ಉಳಿಯಿತು. ‘ಲಾಂಗ್ ಮಿಂಡ್’ನಲ್ಲಿ ‘ಲಾಂಗ್’ ಇಂಗ್ಲಿಷಿನದು, ‘ಮಿಂಡ್’ ಬೆಟ್ಟವೆಂಬ ಅರ್ಥದ ವೆಲ್ಷ್ ‘ಮನಿದ್’ನಿಂದ ಬಂದದ್ದು. ‘ರ್‍ಯಾಟ್ಲಿಂಗ್‌ಹೋಪ್’ನ ‘ಹೋಪ್’ ಆಸೆಯಲ್ಲ. ಮೂರು ಕಡೆ ಮುಚ್ಚಿದ ಕಣಿವೆಗೆ ಹಳೆಯ ಇಂಗ್ಲಿಷಿನ ಹೆಸರು. ‘ಕ್ಲನ್’ ಹೊಳೆಯ ಹೆಸರು ಇಂಗ್ಲಿಷರಿಗಿಂತ ಹಿಂದಿನದು. ಅದಕ್ಕೆ ‘ಟನ್’, ‘ಬರಿ’ ಎಂಬ ಇಂಗ್ಲಿಷ್ ಬಾಲಗಳು ಅಂಟಿಕೊಂಡಿವೆ. ನೆರೆಯ ವುಸ್ಟರ್‌ಶೈರಿನ ‘ಬ್ರೆಡನ್ ಹಿಲ್’ ಇನ್ನೂ ಸೋಜಿಗದ್ದು: ‘ಬ್ರೆ’, ‘ಡನ್’, ‘ಹಿಲ್’ ಮೂರೂ ಶಬ್ದಗಳಿಗೆ ಗುಡ್ಡವೆಂದೇ ಅರ್ಥ. ಬಂದವರು ಹಿಂದಿನವರ ಶಬ್ದದ ಅರ್ಥ ತಿಳಿಯದೆ ತಮ್ಮದನ್ನು ಸೇರಿಸುತ್ತ ಹೋದರು.

ಇವೆಲ್ಲಕ್ಕಿಂತ ಗಮನಾರ್ಹವಾದದ್ದು ಕ್ಲನ್‌ಗೆ ಪಶ್ಚಿಮದಲ್ಲಿರುವ ‘ಬೆಟಸ್-ಅ-ಕ್ರುಯಿನ್’ ಎಂಬ ಹಳ್ಳಿ. ಹಳ್ಳಿ ಇಂಗ್ಲೆಂಡಿನದು, ಹೆಸರಿನ ರೂಪ ವೆಲ್ಷ್: ‘ಉಣ್ಣೆತೊಗಲುಗಳ ಪ್ರಾರ್ಥನಾಮಂದಿರ’. ಇಷ್ಟಕ್ಕೆ ನಿಲ್ಲಿಸಿದರೆ ಗಡಿಯಾಚೆಯ ಭಾಷೆಯೊಂದು ಈಚೆ ಉಳಿದ ಕಥೆಯಾದೀತು. ಆದರೆ ‘ಬೆಟಸ್’ ಎಂಬುದು ಮೂಲತಃ ವೆಲ್ಷ್ ಅಲ್ಲ. ಪ್ರಾರ್ಥನೆಯ ಮನೆ ಎಂಬರ್ಥದ ಹಳೆಯ ಇಂಗ್ಲಿಷಿನ ‘ಬೆಡ್-ಹೂಸ್’ ವೆಲ್ಷಿಗೆ ಹೋಗಿ, ಆ ವೇಷದಲ್ಲಿ ಇಂಗ್ಲೆಂಡಿನ ನೆಲದಲ್ಲಿ ನಿಂತಿದೆ. ಈ ಹೆಸರು ಯಾವ ಭಾಷೆಯದೆಂದು ಜಗಳ ಮಾಡುವವನಿಗೆ ಆ ಫಲಕವೇ ಉತ್ತರ. ಗಡಿಯನ್ನು ಎಳೆಯುವುದು ಆಡಳಿತದ ಕೆಲಸ. ಶಬ್ದಗಳು ಕುರಿಮಂದೆಗಳಂತೆ ಎರಡೂ ಕಡೆ ಮೇಯುತ್ತವೆ.

ನಿಶ್ಶಬ್ದದ ಬೆಲೆ

ಈ ನಿಶ್ಶಬ್ದವು ತಾನಾಗಿಯೇ ಉಳಿಯುವುದಲ್ಲ. ಫಲಕವಿಲ್ಲದ ಒಂಟಿ ರಸ್ತೆಗಳಲ್ಲಿಯೂ ಕಾನೂನಿನ ವೇಗಮಿತಿ ಸಾಮಾನ್ಯವಾಗಿ ಗಂಟೆಗೆ 60 ಮೈಲಿ. ಬೇಲಿಯ ತಿರುವಿನಲ್ಲಿ ಅಷ್ಟು ವೇಗದ ಕಾರು ಎದುರಾದರೆ ಸವಾರನಿಗೆ ಸರಿಯಲು ಜಾಗವಿರುವುದಿಲ್ಲ. 2000ದ ಸಾರಿಗೆ ಕಾಯಿದೆಯು ಕೆಲವು ಹಾದಿಗಳನ್ನು ‘ಶಾಂತ ಹಾದಿ’ಗಳೆಂದು ಘೋಷಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಸಸ್ಟ್ರಾನ್ಸ್ ಸಂಸ್ಥೆಯು ದೇಶವ್ಯಾಪಿ ಸೈಕಲ್ ಜಾಲವನ್ನು ಕಟ್ಟಿತು. ಆದರೆ 2020ರಲ್ಲಿ ಅದೇ ಸಂಸ್ಥೆ ತನ್ನ ಜಾಲದ ಸುಮಾರು ಕಾಲು ಭಾಗವನ್ನು, ಸುರಕ್ಷತೆಯ ಮಟ್ಟ ಸಾಲದೆಂದು, ಕೈಬಿಟ್ಟಿತು ಅಥವಾ ಬೇರೆ ವರ್ಗಕ್ಕೆ ಸೇರಿಸಿತು. ಒಮ್ಮೆ ನಕಾಶೆಯಲ್ಲಿ ಗುರುತಿಸಿದ ಮಾತ್ರಕ್ಕೆ ದಾರಿ ಶಾಂತವಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಮುಖವೂ ಇದೆ. ಪ್ರವಾಸಿಗೆ ನೆಮ್ಮದಿಯಾಗಿ ತೋರುವ ನಿಶ್ಶಬ್ದವು ಹಳ್ಳಿಯವನಿಗೆ ಬಸ್ಸು ನಿಂತುಹೋದುದರ, ಅಂಗಡಿ ಮುಚ್ಚಿದುದರ ಸದ್ದಾಗಿರಬಹುದು. ಆದುದರಿಂದ ಸವಾರನು ತಿಂಡಿಯ ಪೊಟ್ಟಣವನ್ನು ಪಟ್ಟಣದಿಂದಲೇ ಹೊತ್ತು ತರದೆ ದಾರಿಯ ಊರಿನಲ್ಲಿ ಚಹಾ ಕುಡಿಯುವುದು, ತೆರೆದ ಗೇಟನ್ನು ಮುಚ್ಚಿ ಹೋಗುವುದು, ಕುರಿಮಂದೆ ಬಂದರೆ ಇಳಿದು ನಿಲ್ಲುವುದು ಬರಿಯ ಸೌಜನ್ಯವಲ್ಲ. ಆ ದಾರಿ ಯಾರದೆಂಬುದನ್ನು ಒಪ್ಪಿಕೊಳ್ಳುವ ರೀತಿ.

ಅಭ್ಯಾಸ

1. ‘ನಿಶ್ಶಬ್ದ ರಸ್ತೆಯೆಂದರೆ ವ್ಯಾಪಾರವು ಕೈಬಿಟ್ಟ ರಸ್ತೆ’ – ಈ ಮಾತನ್ನು ಉದಾಹರಣೆಗಳೊಂದಿಗೆ ವಿವರಿಸಿರಿ.

2. ‘ಲಾಂಗ್ ಮಿಂಡ್’, ‘ಬ್ರೆಡನ್ ಹಿಲ್’, ‘ಬೆಟಸ್-ಅ-ಕ್ರುಯಿನ್’ – ಈ ಮೂರರಲ್ಲಿ ಭಾಷೆಗಳು ಬೆರೆತ ರೀತಿಯಲ್ಲಿರುವ ಭೇದವನ್ನು ಗುರುತಿಸಿರಿ.

3. ನಿಮ್ಮ ಊರಿನಿಂದ ಕಾಲೇಜಿನವರೆಗಿನ ದಾರಿಯನ್ನು ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಒಮ್ಮೆ ಸೈಕಲ್ಲಿನ ಮೇಲೆ ಕ್ರಮಿಸಿರಿ. ದಾರಿಯ ಊರು, ಹಳ್ಳ, ಹೊಲಗಳ ಹೆಸರುಗಳನ್ನು ದೇವನಾಗರಿಯ ಫಲಕದಲ್ಲಿ ಇರುವಂತೆಯೂ, ಅಲ್ಲಿಯ ಹಿರಿಯರು ಕನ್ನಡದಲ್ಲಿ ಹೇಳುವಂತೆಯೂ ಎರಡು ಸಾಲುಗಳಲ್ಲಿ ಬರೆದುಕೊಳ್ಳಿರಿ. ಎರಡೂ ಸಾಲುಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಂದ ನಿಮ್ಮ ಪ್ರಬಂಧ ಆರಂಭವಾಗಲಿ.